ಕಷ್ಟಕ್ಕಾಗುವ ಜನ: ಎಡೆದೊರೆ ನಾಡಿನ ಕ್ರೈಸ್ತ ಬದುಕು

ಕ್ರೈಸ್ತ ಸೇವೆ ಎಂದಕೂಡಲೇ ಕನ್ನಡ ಓದುಗರ ಕಣ್ಣಮುಂದೆ ಬರುವುದು ಮಂಗಳೂರಿನ ಆಸ್ಪತ್ರೆ, ಬೆಂಗಳೂರಿನ ಕಾನ್ವೆಂಟು, ಧಾರವಾಡದ ಬಾಸೆಲ್ ಮಿಷನ್ ಶಾಲೆ. ಅಂದರೆ ಉಳ್ಳ ಸಂಸ್ಥೆಯೊಂದು ಇಲ್ಲದವರ ಕಡೆಗೆ ಚಾಚಿದ ಕೈ. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ, ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಕರೆಸಿಕೊಂಡ ರಾಯಚೂರು ಸೀಮೆಗೆ ಈ ಚಿತ್ರ ಅರ್ಧದಷ್ಟೇ ಹೊಂದುತ್ತದೆ. ಇಲ್ಲಿಯೂ ಮಿಷನ್ ಶಾಲೆಗಳಿವೆ, ಫಾದರುಗಳಿದ್ದಾರೆ, ಸಿಸ್ಟರುಗಳಿದ್ದಾರೆ. ಆದರೆ ರಾಯಚೂರು ನಗರದ ಹಳೆಯ ಬಡಾವಣೆಗಳಲ್ಲಿ, ಮಾನ್ವಿ ಮತ್ತು ದೇವದುರ್ಗ ತಾಲ್ಲೂಕುಗಳ ಹಳ್ಳಿಗಳಲ್ಲಿ ಭಾನುವಾರ ಸಭೆ ಸೇರುವವರಲ್ಲಿ ಬಹುಪಾಲು ಜನ ದಲಿತ ಸಮುದಾಯಗಳಿಂದ ಬಂದವರು, ಕೂಲಿ ಮಾಡಿ ಉಣ್ಣುವವರು, ಸ್ವತಃ ಯಾರದಾದರೂ ಸೇವೆಗೆ ಅರ್ಹರಾದ ಬಡವರು. ಆದ್ದರಿಂದ ಇಲ್ಲಿ ನಂಬಿಕೆಯನ್ನು ಕೆಲಸದಲ್ಲಿ ತೋರಿಸುವುದೆಂದರೆ ಬಡವರೇ ಬಡವರ ಕಷ್ಟಕ್ಕೆ ಆಗುವುದು ಎಂದೇ ಅರ್ಥವಾಗುತ್ತದೆ. ಈ ಭಾಗದ ಕ್ರೈಸ್ತರ ಬಗ್ಗೆ ಬರೆಯುವವರು ಚರ್ಚುಗಳ ವಾಸ್ತು ಮತ್ತು ಮಿಷನರಿಗಳ ಹೆಸರುಗಳ ಪಟ್ಟಿಯಲ್ಲೇ ನಿಂತುಬಿಡುವುದರಿಂದ ಈ ಸಂಗತಿ ಹಿಂದೆ ಬೀಳುತ್ತ ಬಂದಿದೆ.

ಇತಿಹಾಸವನ್ನು ಚುಟುಕಾಗಿಯಾದರೂ ಹೇಳದೆ ವಿಧಿಯಿಲ್ಲ. ರಾಯಚೂರಿನ ಕೋಟೆಯೆದುರು ಕ್ರೈಸ್ತರು ಕಾಣಿಸಿಕೊಂಡ ಪ್ರಸಿದ್ಧ ಸಂದರ್ಭ ಪ್ರಾರ್ಥನೆಯದಲ್ಲ, ಯುದ್ಧದ್ದು: 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಆದಿಲ್ ಶಾಹಿಗಳಿಂದ ಕೋಟೆಯನ್ನು ಗೆದ್ದಾಗ ಕ್ರಿಸ್ತೊವಾವೊ ಡಿ ಫಿಗರೇಡೊ ಎಂಬ ಪೋರ್ಚುಗೀಸನ ಸಣ್ಣ ಬಂದೂಕು ಪಡೆ ಅರಸನ ಪರವಾಗಿ ಕೋಟೆಯ ಮೇಲಿನ ಕಾವಲುಗಾರರಿಗೆ ಗುರಿಯಿಟ್ಟಿತ್ತು. ಧರ್ಮದ ಹೆಸರಿನಲ್ಲಿ ಬಂದವರು ಸ್ವಲ್ಪ ತಡವಾಗಿ, ನಿರಾಯುಧರಾಗಿ ಬಂದರು. ಇದೇ ಜಿಲ್ಲೆಯ ಮುದಗಲ್ಲಿನಲ್ಲಿರುವ ಕಥೋಲಿಕ ಚರ್ಚನ್ನು ಜೆಸ್ಯೂಟರೆಂದು ಹೆಸರಾದ ಯೇಸುಸಭೆಯ ಗುರುಗಳು 1557ಕ್ಕೂ ಮೊದಲೇ ಕಟ್ಟಿಸಿದ್ದರೆಂದು ಬ್ರಿಟಿಷರ ಕಾಲದ ಗ್ಯಾಸೆಟಿಯರ್ ದಾಖಲಿಸಿದೆ. ಆ ಲೆಕ್ಕದಲ್ಲಿ ಅದು ಆದಿಲ್ ಶಾಹಿ ಆಳ್ವಿಕೆಯ ನೆಲದಲ್ಲಿ ಬೇರುಬಿಟ್ಟ ಕ್ರೈಸ್ತ ನೆಲೆ. ಮೊಹರಂ ಆಚರಣೆಗೆ ನಾಡಿಗೇ ಹೆಸರಾದ, ಹಿಂದೂಗಳೂ ಹರಕೆ ಹೊತ್ತು ಬರುವ ಊರದು. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೈಹಾಕಿದ, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು.

ರಾಯಚೂರು ನಗರದ ಪ್ರೊಟೆಸ್ಟೆಂಟ್ ಕಥೆ ರೈಲಿನ ಜೊತೆ ಸೇರಿಕೊಂಡಿದೆ. ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ರೈಲ್ವೆಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ ನಿಜಾಮರ ರಾಜ್ಯದ ಈ ಊರು ಎರಡು ಮಹಾನಗರಗಳ ನಡುವಿನ ಜಂಕ್ಷನ್ ಆಯಿತು. ಅದೇ ದಶಕದ ಮೊದಲರ್ಧದಲ್ಲಿ ವಿಲಿಯಂ ಟೇಲರ್ ಎಂಬ ಅಮೆರಿಕದ ಮೆಥೊಡಿಸ್ಟ್ ಬೋಧಕ ಮುಂಬಯಿ, ಮದ್ರಾಸು, ಬೆಂಗಳೂರುಗಳಲ್ಲಿ ಸಭೆಗಳನ್ನು ಕಟ್ಟಿದ್ದ. ಅವನ ನಂತರದವರು ಇಂಗ್ಲಿಷ್ ಮಾತಾಡುವ ನಗರವಾಸಿಗಳಿಂದ ಕನ್ನಡ ಮಾತಾಡುವ ಹಳ್ಳಿಗರ ಕಡೆಗೆ ಹೊರಳಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಬೀದರ್, ಯಾದಗಿರಿ, ರಾಯಚೂರುಗಳಲ್ಲಿ ಮೆಥೊಡಿಸ್ಟ್ ಸಭೆಗಳು ಬೆಳೆದದ್ದು ಹಾಗೆ. ಇವು 1981ರಲ್ಲಿ ಸ್ವಾಯತ್ತಗೊಂಡ ಭಾರತದ ಮೆಥೊಡಿಸ್ಟ್ ಸಭೆಯ ಭಾಗವಾಗಿ ಮುಂದುವರಿದಿವೆ. ಕಥೋಲಿಕರು 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ, ಎಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ವ್ಯಾಪ್ತಿಗೆ, ಸೇರಿದವರು. ಇವೆರಡರ ಹೊರಗೆ, ಒಬ್ಬ ಪಾಸ್ಟರರ ಸುತ್ತ ಹುಟ್ಟಿ ಬೆಳೆಯುವ ಸ್ವತಂತ್ರ ಸಭೆಗಳೂ ಇವೆ.

ದಿನನಿತ್ಯದ ಬದುಕಿಗೆ ಬಂದರೆ, ಮೆಥೊಡಿಸ್ಟ್ ಪರಂಪರೆ ತನ್ನ ಜೊತೆಗೆ ತಂದ ಒಂದು ಪದ್ಧತಿಯ ಹಿನ್ನೆಲೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಅನುಯಾಯಿಗಳು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕಟ್ಟಿಸಿದ ಸಭಾಗೃಹದ ಸಾಲ ತೀರಿಸುವುದು ಹೇಗೆಂಬ ಚರ್ಚೆ 1742ರ ಫೆಬ್ರವರಿಯಲ್ಲಿ ನಡೆದಾಗ, ಪ್ರತಿ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಫಾಯ್ ಎಂಬ ಹಡಗಿನ ಕಪ್ತಾನ ಸೂಚಿಸಿದ. ಬಡವರಿಂದ ಅದೂ ಆಗದು ಎಂಬ ಆಕ್ಷೇಪ ಬಂದಾಗ, ಅತಿ ಬಡವರಾದ ಹನ್ನೊಂದು ಜನರನ್ನು ತನ್ನ ಪಾಲಿಗೆ ಬಿಡಬೇಕೆಂದೂ ತಾನು ವಾರಕ್ಕೊಮ್ಮೆ ಅವರ ಮನೆಗೆ ಹೋಗುವುದಾಗಿಯೂ ಅವರು ಕೊಡಲಾಗದಿದ್ದರೆ ಅವರ ಪಾಲನ್ನು ತಾನೇ ಹಾಕುವುದಾಗಿಯೂ ಆತ ಒಪ್ಪಿಕೊಂಡ. ಹೀಗೆ ಹುಟ್ಟಿದ್ದೇ ಕ್ಲಾಸ್ ಎಂಬ ಸಣ್ಣ ಗುಂಪು: ಸುಮಾರು ಹನ್ನೆರಡು ಜನ, ಅವರಿಗೊಬ್ಬ ಮುಂದಾಳು. ವಸೂಲಿಗೆಂದು ಹೊರಟ ಮುಂದಾಳುಗಳು ಮನೆ ಮನೆಯಲ್ಲಿ ಕಂಡದ್ದು ಕಾಯಿಲೆ, ಕುಡಿತ, ಗಂಡಹೆಂಡಿರ ಜಗಳ, ಕೆಲಸ ಕಳೆದುಕೊಂಡವರ ಸಂಕಟ. ಭೇಟಿಯ ನಿಜವಾದ ಉಪಯೋಗ ಇದೇ ಎಂದು ವೆಸ್ಲಿಗೆ ಹೊಳೆಯಿತು. ಸಾಲ ತೀರಿಸುವ ಉಪಾಯವಾಗಿ ಬಂದದ್ದು ಪಂಥದ ಬೆನ್ನೆಲುಬಾಯಿತು.

ರಾಯಚೂರಿನ ಸಭೆಗಳಲ್ಲಿ ಈಗ ಕ್ಲಾಸ್ ಎಂಬ ಹೆಸರಿಗಿಂತ ಮನೆಕೂಟ, ಮನೆ ಪ್ರಾರ್ಥನೆ ಎಂಬ ಮಾತುಗಳೇ ಬಳಕೆಯಲ್ಲಿವೆ, ಕಥೋಲಿಕರಲ್ಲಿ ಕಿರು ಕ್ರೈಸ್ತ ಸಮುದಾಯ ಎಂಬ ಹೆಸರಿದೆ. ರೂಪ ಹೆಚ್ಚು ಬದಲಾಗಿಲ್ಲ. ವಾರದ ನಡುವಿನ ಒಂದು ಸಂಜೆ, ಕೂಲಿಯಿಂದ ಬಂದವರು ಮುಖ ತೊಳೆದು ರೊಟ್ಟಿ ಬಡಿದಿಟ್ಟ ಮೇಲೆ, ಒಬ್ಬರ ಮನೆಯ ಪಡಸಾಲೆಯಲ್ಲೋ ಅಂಗಳದಲ್ಲೋ ಚಾಪೆ ಹಾಸಿ ಕೂರುತ್ತಾರೆ. ಪ್ಲಾಸ್ಟಿಕ್ ಕುರ್ಚಿ ಒಂದಿದ್ದರೆ ಅದು ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ. ಹಾಡುಗಳಲ್ಲಿ ಕನ್ನಡದ್ದರ ಜೊತೆ ತೆಲುಗಿನವೂ ಸಲೀಸಾಗಿ ಬರುತ್ತವೆ; ಗಡಿ ಹತ್ತಿರವಿರುವ ಈ ಜಿಲ್ಲೆಯಲ್ಲಿ ಅದನ್ನು ಯಾರೂ ವಿಶೇಷವೆಂದು ಎಣಿಸುವುದಿಲ್ಲ. ವಾಕ್ಯ ಓದಿ ಅರ್ಥ ಹೇಳುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಪ್ರಾರ್ಥನೆಯ ವಿನಂತಿಗಳು: ಒಬ್ಬಳಿಗೆ ಮಗನ ಹತ್ತನೆಯ ತರಗತಿಯ ಫಲಿತಾಂಶದ ಚಿಂತೆ, ಇನ್ನೊಬ್ಬಳಿಗೆ ಗಂಡನ ಕುಡಿತದ್ದು, ಮತ್ತೊಬ್ಬಳಿಗೆ ರಿಮ್ಸ್ ಆಸ್ಪತ್ರೆಯಲ್ಲಿ ಮಲಗಿರುವ ಸೊಸೆಯದು. ಹೊರಗಿನವರಿಗೆ ಇದು ಬರೀ ಭಕ್ತಿಯಂತೆ ಕಾಣಬಹುದು. ವಾಸ್ತವದಲ್ಲಿ ಓಣಿಯ ಕಷ್ಟಗಳೆಲ್ಲ ವಾರಕ್ಕೊಮ್ಮೆ ಹತ್ತು ಜನರ ಕಿವಿಗೆ ಬೀಳುವ ಏರ್ಪಾಡು ಇದು. ಕೇಳಿಸಿಕೊಂಡವರು ಮರುದಿನ ಆಸ್ಪತ್ರೆಗೆ ಬುತ್ತಿ ಕಟ್ಟಿಕೊಂಡು ಹೋಗದಿದ್ದರೆ ಮುಂದಿನ ವಾರ ಮುಖ ತೋರಿಸುವುದು ಕಷ್ಟ.

ಇಲ್ಲೊಂದು ಅಡ್ಡಮಾತಿಗೆ ಎಡೆಯಿದೆ. ಅದೇ ಓಣಿಗಳಲ್ಲಿ ಅದೇ ಹೆಂಗಸರು ವಾರಕ್ಕೊಮ್ಮೆ ಇನ್ನೊಂದು ಕಾರಣಕ್ಕೂ ಚಾಪೆ ಹಾಸಿ ಕೂರುತ್ತಾರೆ, ಅದು ಮೈಕ್ರೊಫೈನಾನ್ಸ್ ಕಂತಿನ ದಿನ. ಅಲ್ಲಿಯೂ ಸಣ್ಣ ಗುಂಪು, ಅಲ್ಲಿಯೂ ಒಬ್ಬಳು ಲೀಡರ್, ಅಲ್ಲಿಯೂ ಒಬ್ಬಳು ಕಟ್ಟಲಾಗದಿದ್ದರೆ ಉಳಿದವರು ಕಟ್ಟಬೇಕೆಂಬ ಜಂಟಿ ಹೊಣೆಯ ನಿಯಮ. ಬ್ರಿಸ್ಟಲಿನ ಕಪ್ತಾನ ತಾನಾಗಿ ಹೊತ್ತ ಹೊಣೆಯನ್ನೇ ಇಲ್ಲಿ ಕರಾರು ಹೊರಿಸುತ್ತದೆ, ಮತ್ತು ಆ ಒತ್ತಾಯ ಎಷ್ಟರಮಟ್ಟಿಗೆ ಹೋಯಿತೆಂದರೆ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕಂತು ಕಟ್ಟಲಾಗದ ಹೆಂಗಸಿನ ಬಗ್ಗೆ ಕಂತಿನ ಗುಂಪು ಒಂದು ಬಗೆಯಲ್ಲಿ, ಮನೆಕೂಟ ಇನ್ನೊಂದು ಬಗೆಯಲ್ಲಿ ಯೋಚಿಸಬೇಕು. ಎರಡರಲ್ಲೂ ಇರುವವರು ಬಹಳಮಟ್ಟಿಗೆ ಅವರವರೇ ಆದ್ದರಿಂದ ಈ ಇಕ್ಕಟ್ಟು ಉಪದೇಶದಿಂದ ಬಗೆಹರಿಯುವಂಥದ್ದಲ್ಲ. ಒಬ್ಬಳು ಸೆರಗಿನಲ್ಲಿ ಕಟ್ಟಿಕೊಂಡ ಇನ್ನೂರು ರೂಪಾಯಿ ಬಿಚ್ಚಿ ಕೊಡುತ್ತಾಳೋ ಇಲ್ಲವೋ ಎಂಬಲ್ಲಿ ಅವಳ ನಂಬಿಕೆ ಪರೀಕ್ಷೆಗೆ ಬೀಳುತ್ತದೆ.

ಮಾನ್ವಿಯ ನೆಲಕ್ಕೆ ಮನೆಯಿಂದ ಮನೆಗೆ ನಡೆಯುವ ಭಕ್ತಿ ಹೊಸದಲ್ಲ. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು (1728–1809) ಈ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ ಹಿಡಿದು ಪದ ಹಾಡುತ್ತ ಮನೆಮನೆಯ ಮುಂದೆ ಹಿಡಿಧಾನ್ಯ ಪಡೆಯುವ ಗೋಪಾಳದ ಪದ್ಧತಿ ಹರಿದಾಸರ ದೀಕ್ಷೆಯ ಒಂದು ಭಾಗ. ಆದರೆ ಆ ಹಾಡು ದಲಿತರ ಕೇರಿಯ ಅಂಗಳಕ್ಕೆ ಇಳಿದದ್ದು ಕಡಿಮೆ. ಮಿಷನ್ನುಗಳು ಬೈಬಲ್ ವುಮನ್ ಎಂದು ನೇಮಿಸಿಕೊಂಡ ಸ್ಥಳೀಯ ಹೆಂಗಸರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ನಡೆದದ್ದು ಅಂಥ ಅಂಗಳಗಳಿಗೆ. ಅವರಲ್ಲಿ ವಿಧವೆಯರಿದ್ದರು, ಗಂಡ ಬಿಟ್ಟವರಿದ್ದರು. ಸಣ್ಣ ಸಂಬಳಕ್ಕೆ ದುಡಿಯುತ್ತಿದ್ದ ಇವರು ಅಕ್ಷರ ಕಲಿಸಿದರು, ಬಾಣಂತಿಯರನ್ನು ನೋಡಿಕೊಂಡರು, ಕಥೆ ಹೇಳಿದರು. ಮಿಷನ್ ವರದಿಗಳಲ್ಲಿ ಅವರ ಹೆಸರಿಗಿಂತ ಅವರ ಸಂಖ್ಯೆಯೇ ಹೆಚ್ಚಾಗಿ ಬರುತ್ತದೆ. 2011ರ ಜನಗಣತಿಯಲ್ಲಿಯೂ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56ರಲ್ಲೇ ಇತ್ತು, ಹೆಂಗಸರಲ್ಲಿ ಓದುಬರಹ ಬಲ್ಲವರು ಅರ್ಧಕ್ಕೂ ಕಡಿಮೆ. ನೂರು ವರ್ಷದ ಹಿಂದೆ ಕೇರಿಯ ಹೆಣ್ಣುಮಗಳೊಬ್ಬಳು ಪುಸ್ತಕ ಹಿಡಿದು ಇನ್ನೊಬ್ಬಳ ಮನೆಗೆ ಹೋದದ್ದು ಎಂಥ ಘಟನೆ ಎಂಬುದನ್ನು ಈ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿಕೊಳ್ಳಬೇಕು.

ಬಡವರ ಕೊಡುಗೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡಬೇಕಾದರೆ ಸುಗ್ಗಿ ಹಬ್ಬಕ್ಕೆ ಹೋಗಬೇಕು. ಬೆಳೆ ಮನೆಗೆ ಬಂದ ಮೇಲೆ ಅದರ ಮೊದಲ ಪಾಲನ್ನು ದೇವರ ಸನ್ನಿಧಿಗೆ ತರುವ ಪದ್ಧತಿ ಹಳೆಯ ಒಡಂಬಡಿಕೆಯಷ್ಟು, ಎಂದರೆ ಬೈಬಲ್ಲಿನ ಯೆಹೂದಿ ಮೂಲದ ಭಾಗದಷ್ಟು ಹಳೆಯದು. ಕನ್ನಡದ ಪ್ರೊಟೆಸ್ಟೆಂಟ್ ಸಭೆಗಳು ಅದನ್ನು ವರ್ಷಕ್ಕೊಂದು ಭಾನುವಾರ ಆಚರಿಸುತ್ತವೆ. ಅಂದು ವೇದಿಕೆಯ ಮುಂದೆ ಜೋಳದ ಚೀಲ, ಭತ್ತದ ಬುಟ್ಟಿ, ತೊಗರಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ಒಮ್ಮೊಮ್ಮೆ ಹೊರಗೆ ಗೂಟಕ್ಕೆ ಕಟ್ಟಿದ ಕುರಿಮರಿಯೂ ಇರುತ್ತದೆ. ಹೊಲವೇ ಇಲ್ಲದ ಕೂಲಿಯವರು ಮನೆಯಲ್ಲಿ ಮಾಡಿದ ಶೇಂಗಾ ಹೋಳಿಗೆ, ಒಂದು ಡಜನ್ ಮೊಟ್ಟೆ, ಹೊಲಿದ ಕುಲಾಯಿ ತರುತ್ತಾರೆ. ಆರಾಧನೆ ಮುಗಿದ ಮೇಲೆ ಇವೆಲ್ಲ ಹರಾಜಿಗೆ ಬರುತ್ತವೆ, ಹರಾಜು ಕೂಗುವವನಿಗೆ ಮಾತಿನ ಚಾಲಾಕಿ ಇರಲೇಬೇಕು. ಪೇಟೆಯಲ್ಲಿ ಐವತ್ತು ರೂಪಾಯಿಗೆ ಸಿಗುವ ಕುಂಬಳಕಾಯಿ ಇಲ್ಲಿ ಐನೂರಕ್ಕೆ ಹೋಗಬಹುದು. ಕೊಂಡವನು ಅದನ್ನು ಮತ್ತೆ ಸಭೆಗೇ ಬಿಟ್ಟು, ಅದು ಇನ್ನೊಮ್ಮೆ ಹರಾಜಾಗಬಹುದು. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ನೌಕರಿ ಹಿಡಿದ ಸಭೆಯ ಮಕ್ಕಳು ಅಂದು ದೊಡ್ಡ ದನಿಯಲ್ಲಿ ಕೂಗುತ್ತಾರೆ, ಅದರಲ್ಲಿ ಜಂಬವೂ ಇದೆ, ಋಣಸಂದಾಯವೂ ಇದೆ. ಆದರೆ ಆ ಕುಂಬಳಕಾಯಿಯನ್ನು ತಂದ ಮುದುಕಿ ಅಂದಿನ ಮಟ್ಟಿಗೆ ದಾನಿ. ಬರಗಾಲದ ಅಕ್ಕಿ, ಮಿಷನ್ನಿನ ಹಳೆ ಬಟ್ಟೆ, ಸರ್ಕಾರದ ರೇಷನ್ ಹೀಗೆ ತಲೆಮಾರುಗಟ್ಟಲೆ ಕೈಯೊಡ್ಡಿಯೇ ಬಂದ ಜನ ಇಲ್ಲಿ ಕೊಡುವವರ ಸಾಲಿನಲ್ಲಿ ನಿಲ್ಲುತ್ತಾರೆ. ಮಕೆದೋನ್ಯದ ಸಭೆಗಳು ಕಡುಬಡತನದಲ್ಲಿದ್ದೂ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ್ದನ್ನು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಎತ್ತಿ ಹೇಳುತ್ತಾನೆ. ಆ ಭಾಗದ ವ್ಯಾಖ್ಯಾನಕ್ಕೆ ಈ ಹರಾಜಿಗಿಂತ ಒಳ್ಳೆಯ ಅಡಿಟಿಪ್ಪಣಿ ಸಿಗುವುದು ಕಷ್ಟ.

ದೇವದುರ್ಗದಲ್ಲಿ ಸುಗ್ಗಿ ಹಬ್ಬ ಇಷ್ಟು ತುಂಬಿ ಬರುವುದಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ತನ್ನ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿ ಮಾಡಿದಾಗ ದೇವದುರ್ಗ ಅದರಲ್ಲಿ ಇತ್ತು. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಒಂದಷ್ಟು ಹೊಲಗಳಿಗೆ ನೀರು ಹರಿದಿದೆ, ಹತ್ತಿಯೂ ಮೆಣಸಿನಕಾಯಿಯೂ ಹಣ ತಂದಿವೆ, ಆದರೆ ನೀರು ಹರಿಯುವುದು ಹೊಲವಿದ್ದವರಿಗೆ. ಉಳಿದವರಿಗೆ ಗುಳೆಯೇ ಗತಿ. ಗುಳೆ ಎಂದರೆ ಸಂಸಾರ ಸಮೇತ ಕೆಲಸ ಅರಸಿ ಊರು ಬಿಡುವುದು. ಬೆಂಗಳೂರಿನ ಕಟ್ಟಡಗಳು, ಪುಣೆಯ ರಸ್ತೆ ಕೆಲಸ, ಹೈದರಾಬಾದಿನ ಹೊರವಲಯ ಇವರ ದಿಕ್ಕು. ಒಂದು ಸಭೆಯಿಂದ ಇನ್ನೊಂದು ಸಭೆಗೆ ಹೋಗುವ ಸದಸ್ಯರಿಗೆ ವರ್ಗಾವಣೆ ಪತ್ರ ಕೊಡುವ ನಿಯಮ ಚರ್ಚುಗಳಲ್ಲಿದೆ, ಆದರೆ ಅದು ವರ್ಗವಾಗುವ ಗುಮಾಸ್ತರನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ ನಿಯಮದಂತಿದೆ. ಮೂರು ತಿಂಗಳು ಒಂದು ಕಟ್ಟಡದ ನೆಲಮಾಳಿಗೆಯಲ್ಲಿ, ಮುಂದಿನ ಮೂರು ತಿಂಗಳು ಇನ್ನೊಂದರಲ್ಲಿ ಬದುಕುವ ಗೌಂಡಿ ಕೂಲಿಗೆ ಬೆಂಗಳೂರಿನ ಯಾವ ಸಭೆಯ ಬಾಗಿಲಲ್ಲಿ ಆ ಪತ್ರ ತೋರಿಸಬೇಕೋ ತಿಳಿಯದು. ತೋರಿಸಿದರೂ ಭಾನುವಾರ ಅವನಿಗೆ ರಜೆ ಇರುವುದಿಲ್ಲ.

ಹೀಗೆ ದುಡಿಯುವ ವಯಸ್ಸಿನವರೆಲ್ಲ ಹೊರಟುಹೋದ ತಿಂಗಳುಗಳಲ್ಲಿ ಹಳ್ಳಿಯ ಸಭೆ ಎಂದರೆ ಮುದುಕರು ಮತ್ತು ಮೊಮ್ಮಕ್ಕಳು. ಸಭೆಯ ಕೆಲಸವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಪಿಂಚಣಿ ಬಂತೋ ಇಲ್ಲವೋ ಎಂದು ಪೋಸ್ಟ್ ಆಫೀಸಿಗೆ ಹೋಗಿ ವಿಚಾರಿಸಿ ಬರುವುದು, ಬೆರಳಚ್ಚು ಹೊಂದದ ಅಜ್ಜಿಯನ್ನು ರೇಷನ್ ಅಂಗಡಿಗೆ ಎರಡನೆಯ ಸಲ ಕರೆದೊಯ್ಯುವುದು, ಬಿಪಿ ಮಾತ್ರೆ ಮುಗಿದಿದೆಯೆಂದು ಆಶಾ ಕಾರ್ಯಕರ್ತೆಗೆ ಹೇಳುವುದು, ಜ್ವರ ಬಂದ ಮಗುವಿನ ಸುದ್ದಿಯನ್ನು ಪುಣೆಯಲ್ಲಿರುವ ತಾಯಿಗೆ ಮೊಬೈಲಿನಲ್ಲಿ ತಿಳಿಸಿ ಆ ರಾತ್ರಿ ಮಗುವಿನ ಪಕ್ಕ ಮಲಗುವುದು. ದೈವಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಪರಿಚರ್ಯೆ ಎಂಬ ತೂಕದ ಹೆಸರಿದೆ, ಮಾಡುವವರಿಗೆ ಆ ಹೆಸರು ಗೊತ್ತಿರಬೇಕೆಂದೇನೂ ಇಲ್ಲ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಬರುವ ಕೊನೆಯ ನ್ಯಾಯತೀರ್ಪಿನ ದೃಶ್ಯದಲ್ಲಿಯೂ ಉಣಿಸಿದವರಿಗೆ, ರೋಗಿಯನ್ನು ನೋಡಲು ಹೋದವರಿಗೆ ತಾವು ಮಾಡಿದ್ದೇನೆಂಬುದು ಗೊತ್ತಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಸಂಸ್ಥೆಗಳ ಪಾತ್ರ. ಕಥೋಲಿಕ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಸಾಮಾನ್ಯ ವಿಶ್ವಾಸಿಗಳು ತಮ್ಮ ವೃತ್ತಿ, ಸಂಸಾರ, ನೆರೆಹೊರೆಗಳ ನಡುವೆಯೇ ಧರ್ಮದ ಕೆಲಸ ಮಾಡಬೇಕಾದವರು ಎಂದು ಒತ್ತಿ ಹೇಳಿತು. ಹತ್ತು ವರ್ಷಗಳ ನಂತರ, 1975ರಲ್ಲಿ ಮುಗಿದ ಜೆಸ್ಯೂಟರ 32ನೆಯ ಮಹಾಧಿವೇಶನ ನಂಬಿಕೆಯ ಸೇವೆಯನ್ನೂ ನ್ಯಾಯದ ಹೋರಾಟವನ್ನೂ ಬೇರ್ಪಡಿಸಲಾಗದು ಎಂಬ ನಿಲುವಿಗೆ ಬಂತು. ಶ್ರೀಮಂತರ ಮಕ್ಕಳಿಗೆ ಒಳ್ಳೆಯ ಕಾಲೇಜು ನಡೆಸುವವರೆಂದು ಹೆಸರಾಗಿದ್ದ ಸಂಘಕ್ಕೆ ಇದು ಮುಜುಗರದ ಪ್ರಶ್ನೆ. ಕರ್ನಾಟಕದ ಜೆಸ್ಯೂಟರು ಮಂಗಳೂರು, ಬೆಂಗಳೂರುಗಳ ತಮ್ಮ ಹಳೆಯ ಕಾಲೇಜುಗಳಿಂದ ದೂರದ ಮಾನ್ವಿಗೂ ಅದೇ ತಾಲ್ಲೂಕಿನ ಪನ್ನೂರು ಎಂಬ ಹಳ್ಳಿಗೂ ಈ ಶತಮಾನದ ಆರಂಭದಲ್ಲಿ ಬಂದು ಲೊಯೋಲ ಹೆಸರಿನ ಶಾಲೆಗಳನ್ನು ತೆರೆದದ್ದನ್ನು ಆ ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲಿ ಒಂದೆಂದು ಓದಬಹುದು. ದಲಿತ ಮಕ್ಕಳನ್ನು, ಅದರಲ್ಲೂ ಹತ್ತಿ ಬಿಡಿಸುವ ಕೂಲಿಗೆ ಹೋಗುವ ಮನೆಗಳ ಮಕ್ಕಳನ್ನು, ಮೊದಲ ತಲೆಮಾರಿನ ಅಕ್ಷರಸ್ಥರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕಟ್ಟಿದ ಶಾಲೆಗಳಿವು.

ಸಂಸ್ಥೆ ಮಾಡಬಲ್ಲದ್ದು ದೊಡ್ಡದು, ಅದನ್ನು ಮನೆಕೂಟ ಮಾಡಲಾರದು. ಹತ್ತಿ ಹೊಲದಿಂದ ಮಗುವನ್ನು ಬೆಂಚಿಗೆ ತರಲು ಕಟ್ಟಡ ಬೇಕು, ಶಿಕ್ಷಕರು ಬೇಕು, ಹಣ ಬೇಕು. ಆದರೆ ಮಗು ಶಾಲೆ ಬಿಟ್ಟ ಮೊದಲ ವಾರದಲ್ಲಿಯೇ ಅದು ಗೊತ್ತಾಗುವುದು, ಬಿಡಿಸಿದ ತಂದೆಯ ಜೊತೆ ಜಗಳವಾಡದೆ ಮಾತಾಡಬಲ್ಲವರು ಇರುವುದು ಓಣಿಯಲ್ಲಿ. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳುವ ಮುಂಚೆಯೇ ಮಗು ಹೊಲದಲ್ಲಿರುತ್ತದೆ. ಶಿಕ್ಷಕಿಯೊಬ್ಬಳು ಸಂಜೆ ಮನೆಗೆ ಹೋಗಿ ನೆಲದ ಮೇಲೆ ಕೂತು, ಕೊಟ್ಟ ನೀರು ಕುಡಿದು, ಮಗು ಮರುದಿನ ಬರಲಿ ಎಂದು ಕೇಳಿಕೊಂಡರೆ ಅರ್ಧ ಕೆಲಸ ಆದಂತೆ. ನೀರು ಕುಡಿಯುವುದು ಇಲ್ಲಿ ಮುಖ್ಯವಾದ ಅರ್ಧ. ಹೋಟೆಲಿನಲ್ಲಿ ಬೇರೆ ಲೋಟ, ಗುಡಿಯಲ್ಲಿ ಹೊಸಿಲಾಚೆ ಜಾಗ, ಸಲೂನಿನಲ್ಲಿ ನಿರಾಕರಣೆ ಇವೆಲ್ಲ ಹಿಂದಿನ ಮಾತು ಎನ್ನುವಂತಿಲ್ಲದ ಸೀಮೆಯಲ್ಲಿ ಮೇಷ್ಟರು, ಸಿಸ್ಟರು, ಅಯ್ಯನವರು ಕೇರಿಯ ಮನೆಯಲ್ಲಿ ಉಂಡರು ಎಂಬುದು ಯಾವ ಉಪದೇಶಕ್ಕಿಂತಲೂ ಸ್ಪಷ್ಟವಾದ ಮಾತು. ಇದೇ ಕಾರಣಕ್ಕೆ ಉಣ್ಣಲು ಹಿಂಜರಿದವರ ಸುದ್ದಿಯೂ ಬಹಳ ಕಾಲ ಉಳಿಯುತ್ತದೆ.

ಜಾತಿ ಸಭೆಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಡಬಹುದಾದ ವಸ್ತುವಲ್ಲ. ಕಾನೂನು ಅದನ್ನು ಇನ್ನಷ್ಟು ಸಿಕ್ಕಾಗಿಸಿದೆ: 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗಷ್ಟೇ ಇದ್ದು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ದಲಿತ ಕ್ರೈಸ್ತರು ಮತ್ತು ಮುಸ್ಲಿಮರು ಹೊರಗೇ ಉಳಿದರು. ಪರಿಣಾಮವಾಗಿ ಒಂದೇ ಮನೆಯಲ್ಲಿ ಶಾಲೆಯ ದಾಖಲೆಗೆ ಒಂದು ಹೆಸರು, ದೀಕ್ಷಾಸ್ನಾನಕ್ಕೆ ಇನ್ನೊಂದು ಹೆಸರು ಇರುವುದು ಇಲ್ಲಿನ ನಿತ್ಯದ ಸಂಗತಿ. ಇದನ್ನು ಬೂಟಾಟಿಕೆ ಎನ್ನುವವರು ಚರ್ಚಿನ ಒಳಗೂ ಹೊರಗೂ ಇದ್ದಾರೆ. ಆದರೆ ಊರು ದಲಿತ ಕ್ರೈಸ್ತನನ್ನು ನೋಡುವ ಬಗೆ ದೀಕ್ಷೆಯಿಂದ ಬದಲಾಗುವುದಿಲ್ಲ, ಬದಲಾಗುವುದು ಮೀಸಲಾತಿಯ ಕಾಗದ ಮಾತ್ರ. ಹಾಗಿರುವಾಗ ತಪ್ಪನ್ನೆಲ್ಲ ಆ ಮನೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ತನ್ನ ನಂಬಿಕೆಯನ್ನು ಹೆಸರಿನಲ್ಲಿ ತೋರಿಸಲಾರದ ಮನುಷ್ಯ ಅದನ್ನು ನಡೆಯಲ್ಲಷ್ಟೇ ತೋರಿಸಬಲ್ಲ ಎಂಬ ವಿಪರ್ಯಾಸವೂ ಇಲ್ಲಿದೆ: ಕುಡಿಯುವುದನ್ನು ಬಿಟ್ಟ, ಹೆಂಡತಿಗೆ ಹೊಡೆಯುವುದನ್ನು ಬಿಟ್ಟ, ಮಗಳನ್ನು ದೇವದಾಸಿ ಬಿಡಲು ಒಪ್ಪಲಿಲ್ಲ ಎಂಬ ಮೂರು ಸಂಗತಿಗಳಿಂದಲೇ ಓಣಿ ಒಬ್ಬನನ್ನು ಸಭೆಯವನೆಂದು ಗುರುತಿಸುತ್ತಿದ್ದ ಕಾಲವೊಂದಿತ್ತು. ದೇವದಾಸಿ ಬಿಡುವುದನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ.

ಸಾವಿನ ಸಂದರ್ಭದಲ್ಲಿ ನಡೆಯಲ್ಲಾದ ಈ ಬದಲಾವಣೆಯ ಆಳ ಹೆಚ್ಚು ಸ್ಪಷ್ಟವಾಗುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಸಾವಿನ ಸುದ್ದಿಯನ್ನು ಊರೂರಿಗೆ ಮುಟ್ಟಿಸುವುದು, ಕುಣಿ ತೋಡುವುದು, ಹಲಗಿ ಬಾರಿಸುವುದು ದಲಿತರ ಮೇಲೆ ಹೇರಿದ ಬಿಟ್ಟಿ ಚಾಕರಿ. ಹಿಡಿ ಕಾಳಿಗೋ, ಎಸೆದ ಬಟ್ಟೆಗೋ ಅದನ್ನು ಮಾಡಲೇಬೇಕಿತ್ತು. ಅದೇ ಜನ ತಮ್ಮ ಸಭೆಯವರೊಬ್ಬರು ತೀರಿಕೊಂಡಾಗ ಮಾಡುವುದೂ ಮೇಲ್ನೋಟಕ್ಕೆ ಅದೇ ಕೆಲಸಗಳನ್ನೇ. ಸುದ್ದಿ ಬಂದ ಗಂಟೆಯೊಳಗೆ ನಾಲ್ಕು ಜನ ಹಾರೆ, ಗುದ್ದಲಿ ಹಿಡಿದು ಹೊರಡುತ್ತಾರೆ. ಬೇಸಿಗೆಯಲ್ಲಿ ಬಿರುಕುಬಿಟ್ಟು ಕಲ್ಲಾಗುವ ಎರೆಮಣ್ಣನ್ನು ಆಳುದ್ದ ಅಗೆಯುವುದು ಸಣ್ಣ ಶ್ರಮವಲ್ಲ, ರಾಯಚೂರಿನ ಮೇ ತಿಂಗಳ ಬಿಸಿಲು ಬಲ್ಲವರಿಗೆ ಅದನ್ನು ವಿವರಿಸಬೇಕಿಲ್ಲ. ಇನ್ನಿಬ್ಬರು ಪೆಟ್ಟಿಗೆಗೆ ಬಡಗಿಯ ಹತ್ತಿರ ಹೋಗುತ್ತಾರೆ. ಹಣ ಸಾಲದಿದ್ದರೆ ಓಣಿಯಲ್ಲಿ ಟವೆಲು ಹಾಸಿ ಪಟ್ಟಿ ಎತ್ತುತ್ತಾರೆ. ಹೆಂಗಸರು ಸತ್ತವರ ಮನೆಯಲ್ಲಿ ಒಲೆ ಹಚ್ಚಿಸದೆ ತಮ್ಮ ಮನೆಯಿಂದ ಅನ್ನ, ಸಾರು ತಂದು ಬಡಿಸುತ್ತಾರೆ. ರಾತ್ರಿಯಿಡೀ ಹಾಡು ನಡೆಯುತ್ತದೆ. ಕೈಕೆಲಸ ಒಂದೇ ಆದರೂ ಹೇರಿಕೆಯಿಂದ ಮಾಡಿದ್ದಕ್ಕೂ ತಾವಾಗಿ ಮಾಡಿದ್ದಕ್ಕೂ ನಡುವೆ ಒಂದು ಇಡೀ ಚರಿತ್ರೆಯಿದೆ. ಊರಿನ ಬಿಟ್ಟಿ ಚಾಕರಿ ನಿರಾಕರಿಸಿದ್ದಕ್ಕೆ ಹಿಂದಿನ ತಲೆಮಾರುಗಳ ಕ್ರೈಸ್ತರು ಬಹಿಷ್ಕಾರ ಉಂಡ ಕಥೆಗಳು ದಕ್ಷಿಣ ಭಾರತದ ಸಮೂಹ ಮತಾಂತರಗಳ ದಾಖಲೆಗಳಲ್ಲಿ ಬೇಕಾದಷ್ಟಿವೆ. ಹೂಳಲು ನೆಲ ಸಿಗುವುದು ಇನ್ನೊಂದು ತೊಡಕು. ಸಭೆಗೆ ಸ್ವಂತ ಸ್ಮಶಾನವಿಲ್ಲದ ಕಡೆ ಹಳ್ಳದ ದಂಡೆಯೋ ಗಾಯರಾಣ ಎನ್ನುವ ಗೋಮಾಳವೋ ಗತಿಯಾಗುತ್ತದೆ, ಶಿಲುಬೆ ನೆಡುವ ಹೊತ್ತಿಗೆ ತಕರಾರು ಏಳುವುದೂ ಉಂಟು. ಅಂಥ ಹೊತ್ತಿನಲ್ಲಿ ಪಕ್ಕದ ಹೊಲದ ಲಿಂಗಾಯತ ಗೌಡನೋ ಮುಸ್ಲಿಂ ಮುತವಲ್ಲಿಯೋ ಬಂದು ಒಂದು ಮಾತು ಹೇಳಿ ತಣ್ಣಗಾಗಿಸುವುದೂ ಉಂಟು, ಮತ್ತು ಆ ಮಾತು ಹುಟ್ಟುವುದು ಹಿಂದೆ ಎಂದೋ ಅವರ ಮನೆಯ ಸಾವಿಗೆ ಇವರು ಹೋಗಿದ್ದರೆಂಬ ನೆನಪಿನಿಂದ.

ಕೊಡುವುದರ ಮೇಲೆ ಈಚಿನ ವರ್ಷಗಳಲ್ಲಿ ಇನ್ನೊಂದು ನೆರಳು ಬಿದ್ದಿದೆ. ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆಯ 2022ರ ಕಾಯ್ದೆ ಆಮಿಷ ಎಂಬುದರ ವ್ಯಾಖ್ಯೆಯೊಳಗೆ ಉಡುಗೊರೆಯನ್ನೂ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯ ಉಚಿತ ಶಿಕ್ಷಣವನ್ನೂ ಸೇರಿಸಿತು. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು. ಈ ಕಾಯ್ದೆಯನ್ನು ಹಿಂಪಡೆಯಲು ರಾಜ್ಯ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಕಾನೂನಿನ ಗತಿ ಏನೇ ಆದರೂ ಅನುಮಾನದ ಕಣ್ಣು ಉಳಿಯುತ್ತದೆ: ಪಕ್ಕದ ಮನೆಯ ರೋಗಿಗೆ ಬುತ್ತಿ ಕೊಟ್ಟರೆ ಅದರ ಹಿಂದೆ ಏನಿದೆ ಎಂದು ಕೇಳುವವರಿದ್ದಾರೆ. ಈ ಅನುಮಾನಕ್ಕೆ ಚರ್ಚುಗಳ ಕಡೆಯಿಂದಲೂ ಸ್ವಲ್ಪ ಇಂಧನ ಸಿಕ್ಕಿದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಕಾಯಿಲೆಯ ಮನೆಯ ಅಸಹಾಯಕ ಗಳಿಗೆಯನ್ನು ಸಭೆಯ ತಲೆಲೆಕ್ಕ ಹೆಚ್ಚಿಸಿಕೊಳ್ಳುವ ಅವಕಾಶವಾಗಿ ನೋಡುವ ಬೋಧಕರು ಇಲ್ಲದಿಲ್ಲ, ಗುಣವಾಗುತ್ತದೆಂದು ಸಾರಿ ಔಷಧಿ ಬಿಡಿಸುವವರಂತೂ ಅಪಾಯಕಾರಿಗಳು. ಲೂಕನ ಸುವಾರ್ತೆಯ ದಯಾಳುವಾದ ಸಮಾರ್ಯನ ಕಥೆಯಲ್ಲಿ ಗಾಯಾಳುವನ್ನು ಛತ್ರಕ್ಕೆ ಸೇರಿಸಿ ಖರ್ಚು ಕೊಟ್ಟವನು ಅವನ ಜಾತಿಮತ ವಿಚಾರಿಸುವುದಿಲ್ಲ, ತನ್ನದನ್ನು ಸಾರುವುದೂ ಇಲ್ಲ. ಮರುದಿನ ಬೆಳಿಗ್ಗೆ ತನ್ನ ದಾರಿ ಹಿಡಿಯುತ್ತಾನೆ. ರಾಯಚೂರಿನ ಓಣಿಯ ಹೆಂಗಸಿಗೆ ಹಾಗೆ ದಾರಿ ಹಿಡಿದು ಹೋಗುವ ಅನುಕೂಲವಿಲ್ಲ. ಯಾರಿಗೆ ಬುತ್ತಿ ಕೊಟ್ಟಳೋ ಅವರ ಜೊತೆಗೇ ಅವಳು ನಾಳೆ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲಬೇಕು, ಹಬ್ಬಕ್ಕೆ ಅವರ ಮನೆಯ ಹೋಳಿಗೆ ಬರಬೇಕು, ಕ್ರಿಸ್‌ಮಸ್‌ಗೆ ಇವಳ ಮನೆಯ ಕರ್ಚಿಕಾಯಿ ಹೋಗಬೇಕು. ದಿನವೂ ಮುಖ ನೋಡಬೇಕಾದವರ ನಡುವಿನ ಕೊಡುಕೊಳೆಯಲ್ಲಿ ಆಮಿಷ ಬಹಳ ದಿನ ಬಚ್ಚಿಟ್ಟುಕೊಳ್ಳಲಾರದು.

ಇಷ್ಟೆಲ್ಲದರ ಭಾರ ಹೊತ್ತವರು ಯಾರೆಂದು ನೋಡಿದರೆ ಹೆಂಗಸರೇ. ಮನೆಕೂಟಕ್ಕೆ ಚಾಪೆ ಹಾಸುವವರು, ಆಸ್ಪತ್ರೆಗೆ ಬುತ್ತಿ ಒಯ್ಯುವವರು, ಗುಳೆ ಹೋದವರ ಮಕ್ಕಳನ್ನು ನೋಡಿಕೊಳ್ಳುವವರು ಅವರು. ಸಭೆಯ ಲೆಕ್ಕಪತ್ರ, ಆಸ್ತಿಯ ವ್ಯಾಜ್ಯ, ಸಭಾಪಾಲಕರ ವರ್ಗಾವಣೆಗಳನ್ನು ತೀರ್ಮಾನಿಸುವ ಸಮಿತಿಗಳಲ್ಲಿ ಮಾತ್ರ ಗಂಡಸರದೇ ಮೇಲುಗೈ, ಕೋರ್ಟು ಕಚೇರಿಗೆ ಹೋಗುವ ಜಗಳಗಳೂ ಅವರವೇ. ರಾಯಚೂರಿನಿಂದ ಬಹಳ ದೂರವೇನಲ್ಲದ, ರಾಯಲಸೀಮೆಯ ನಂದ್ಯಾಲ ಧರ್ಮಪ್ರಾಂತ್ಯಕ್ಕೆ ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟೆಂಟ್ ಸಭೆ 2013ರಲ್ಲಿ ಎಗ್ಗೋಣಿ ಪುಷ್ಪಲಲಿತಾ ಅವರನ್ನು ತನ್ನ ಮೊದಲ ಮಹಿಳಾ ಬಿಷಪ್ಪರನ್ನಾಗಿ ಆರಿಸಿತು. ಎಡೆದೊರೆ ನಾಡಿನ ಸಭೆಗಳಲ್ಲಿ ಮುಂದಿನ ಸಮಿತಿಯ ಚುನಾವಣೆಗೆ ಹೆಸರು ಸೂಚಿಸುವಾಗ, ಓಣಿಯ ಯಾವ ಮನೆಯಲ್ಲಿ ಯಾರಿಗೆ ಮಾತ್ರೆ ಮುಗಿದಿದೆ ಎಂದು ಬಾಯಿಪಾಠವಾಗಿ ಬಲ್ಲ ಆ ಹೆಂಗಸರಲ್ಲಿ ಒಬ್ಬಿಬ್ಬರ ಹೆಸರಾದರೂ ಬರುವುದಕ್ಕೆ ಯಾವ ಮಹಾಸಭೆಯ ಅಪ್ಪಣೆಗೂ ಕಾಯಬೇಕಿಲ್ಲ.